ವೀಸಾದ ಇಂಗ್ಲಿಷು, ಕೆಲಸದ ಇಂಗ್ಲಿಷು

2026ರ ಜನವರಿ 8ರಿಂದ, ಕುಶಲ ಕೆಲಸಗಾರರ ವೀಸಾಕ್ಕೆ ಮೊದಲ ಬಾರಿ ಅರ್ಜಿ ಹಾಕುವವರಿಂದ ಬ್ರಿಟನ್ ಮೊದಲಿಗಿಂತ ಒಂದು ಮೆಟ್ಟಿಲು ಮೇಲಿನ ಇಂಗ್ಲಿಷ್ ಕೇಳುತ್ತಿದೆ. ಅಲ್ಲಿಯವರೆಗೆ ಬಿ-1 ಮಟ್ಟ ಸಾಕಿತ್ತು, ಈಗ ಬಿ-2 ಬೇಕು. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟಿನಲ್ಲಿ ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲುಗಳಿವೆ. ಹೆಸರು-ಊರು ಹೇಳಿಕೊಂಡು, ನಿಧಾನವಾಗಿ ಮಾತಾಡಿದರೆ ಅರ್ಥ ಮಾಡಿಕೊಳ್ಳುವವರು ಎ-1ರಲ್ಲಿರುತ್ತಾರೆ. ದಿನದ ವ್ಯವಹಾರವನ್ನು ಸ್ವತಃ ನಿಭಾಯಿಸಬಲ್ಲವರು ಬಿ-1ರಲ್ಲಿ, ತಮ್ಮ ಕ್ಷೇತ್ರದ ತಾಂತ್ರಿಕ ಚರ್ಚೆಯಲ್ಲಿ ಪಾಲ್ಗೊಂಡು ಒಂದು ನಿಲುವಿನ ಪರ-ವಿರೋಧ ವಾದಿಸಬಲ್ಲವರು ಬಿ-2ರಲ್ಲಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಲೆಕ್ಕದಲ್ಲಿ ಹೇಳುವುದಾದರೆ ಪ್ರತಿ ವಿಭಾಗದಲ್ಲೂ 4 ಬ್ಯಾಂಡ್ ಇದ್ದದ್ದು 5.5ಕ್ಕೆ ಏರಿದೆ. ವಲಸೆಯ ಮೇಲೆ ಹಿಡಿತ ಮರಳಿ ಪಡೆಯುವುದಾಗಿ ಬ್ರಿಟಿಷ್ ಸರ್ಕಾರ 2025ರ ಮೇ ತಿಂಗಳಲ್ಲಿ ಹೊರಡಿಸಿದ ಶ್ವೇತಪತ್ರದ ಫಲವಿದು. ವಲಸಿಗರ ಸಂಖ್ಯೆ ತಗ್ಗಿಸುವ ದಾಖಲೆಯೊಂದರಲ್ಲಿ ಭಾಷೆಯ ಮಟ್ಟ ಏರಿಸುವ ನಿಯಮ ಏಕಿದೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಭಾಷಾ ಪರೀಕ್ಷೆಗೆ ಇರಬೇಕಾದ ಕೆಲಸ ಒಂದೇ: ಹೋಗುವವರು ಅಲ್ಲಿ ಮಾಡಬೇಕಾದ ಕೆಲಸಕ್ಕೆ, ಬದುಕಬೇಕಾದ ಬದುಕಿಗೆ ಅವರ ಭಾಷೆ ಸಾಲುತ್ತದೆಯೇ ಎಂದು ನೋಡುವುದು. ಆ ಕೆಲಸ ಬಿಟ್ಟು ಜನರ ಸಂಖ್ಯೆ ಇಳಿಸುವ ಕೆಲಸಕ್ಕೆ ಅದನ್ನು ಹಚ್ಚಿದರೆ, ಅಳೆಯಬೇಕಾದ್ದನ್ನು ಅದು ಅಳೆಯುವುದಿಲ್ಲ. ಅನ್ಯಾಯವೂ ಅಲ್ಲಿಂದಲೇ ಶುರುವಾಗುತ್ತದೆ.

ಈ ವ್ಯವಸ್ಥೆ ನಡೆಯುವ ಬಗೆಯನ್ನು ಮೊದಲು ನೋಡೋಣ. ವೀಸಾಕ್ಕೆ ಯಾವುದೋ ಒಂದು ಇಂಗ್ಲಿಷ್ ಪರೀಕ್ಷೆ ಪಾಸಾದರೆ ಸಾಲದು. ಬ್ರಿಟನ್ನಿನ ಗೃಹ ಇಲಾಖೆ ಒಪ್ಪಿದ ಸಂಸ್ಥೆಯ ಪರೀಕ್ಷೆಯನ್ನು, ಅದು ಒಪ್ಪಿದ ಕೇಂದ್ರದಲ್ಲೇ ಬರೆಯಬೇಕು. ಸಾಮಾನ್ಯ ಐಇಎಲ್‌ಟಿಎಸ್ ಮತ್ತು ವೀಸಾಕ್ಕೆಂದೇ ಇರುವ ಐಇಎಲ್‌ಟಿಎಸ್ ಎರಡರ ಸ್ವರೂಪವೂ ಕಠಿಣತೆಯೂ ಒಂದೇ. ವ್ಯತ್ಯಾಸವಿರುವುದು ಕೇಂದ್ರದ ಕಾವಲು ವ್ಯವಸ್ಥೆಯಲ್ಲಿ ಮತ್ತು ಶುಲ್ಕದಲ್ಲಿ. ಫಲಿತಾಂಶದ ಆಯುಷ್ಯ ಎರಡು ವರ್ಷ. ಇದು ರಾಜಮಾರ್ಗ, ಪಕ್ಕದಲ್ಲಿ ಬೇರೆ ದಾರಿಗಳೂ ಇವೆ. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಪಡೆದವರು ಎಕ್ಟಿಸ್ ಎಂಬ ಸಂಸ್ಥೆಗೆ ಶುಲ್ಕ ಕಟ್ಟಿ, ಆ ಪದವಿ ಬ್ರಿಟನ್ನಿನ ಪದವಿಗೆ ಸಮ ಮತ್ತು ಅದರ ಬೋಧನೆ ಇಂಗ್ಲಿಷಿನಲ್ಲೇ ನಡೆದಿದೆ ಎಂಬ ದೃಢೀಕರಣ ತಂದರೆ ಪರೀಕ್ಷೆಯಿಂದ ವಿನಾಯಿತಿ ಇದೆ. ಬೆಂಗಳೂರಿನ ಎಂಜಿನಿಯರಿಂಗ್ ಪದವೀಧರರಿಗೆ ಈ ದಾರಿ ತೆರೆದೇ ಇದೆ, ಗೊತ್ತಿಲ್ಲದೆ ಪರೀಕ್ಷೆಗೆ ಹಣ ಕಟ್ಟುವವರೂ ಇದ್ದಾರೆ. ವೈದ್ಯರು, ದಂತವೈದ್ಯರು, ನರ್ಸ್‌ಗಳು ತಮ್ಮ ವೃತ್ತಿ ನಿಯಂತ್ರಣ ಮಂಡಳಿಯ ಭಾಷಾ ಅರ್ಹತೆ ಪಡೆದಿದ್ದರೆ ವೀಸಾಕ್ಕಾಗಿ ಮತ್ತೆ ಬರೆಯಬೇಕಿಲ್ಲ. ಪದವಿ ಶಿಕ್ಷಣಕ್ಕೆ ಬರುವ ವಿದ್ಯಾರ್ಥಿಯ ಇಂಗ್ಲಿಷನ್ನು ವಿಶ್ವವಿದ್ಯಾಲಯವೇ ತನಗೆ ಸರಿಕಂಡ ರೀತಿಯಲ್ಲಿ ಪರಿಶೀಲಿಸಬಹುದು. ಅಂದರೆ ಒಂದೇ ಸಾಮರ್ಥ್ಯವನ್ನು ಹಲವು ರೀತಿಯಲ್ಲಿ ಸಾಬೀತು ಮಾಡಬಹುದು ಎಂದು ಸರ್ಕಾರವೇ ಒಪ್ಪಿಕೊಂಡಿದೆ. ಹಾಗಾದರೆ ಆ ಉದಾರತೆ ಯಾರಿಗೆ ದಕ್ಕುತ್ತದೆ, ಯಾರಿಗೆ ದಕ್ಕುವುದಿಲ್ಲ ಎಂಬುದೇ ಈ ವ್ಯವಸ್ಥೆಯನ್ನು ತೂಗಿನೋಡುವ ಬಗೆ.

ಗಡಿಯಲ್ಲಿ ಭಾಷೆ ಪರೀಕ್ಷಿಸುವ ಪದ್ಧತಿಗೆ ಒಂದು ಇತಿಹಾಸವಿದೆ, ಅದರ ಒಂದು ಮುಖ್ಯ ಅಧ್ಯಾಯ ಭಾರತೀಯರಿಗೆ ಸಂಬಂಧಿಸಿದ್ದು. 1896ರ ಕೊನೆಯಲ್ಲಿ ಗಾಂಧೀಜಿ ಮತ್ತು ನೂರಾರು ಭಾರತೀಯರಿದ್ದ ಎರಡು ಹಡಗುಗಳನ್ನು ಡರ್ಬನ್ ಬಂದರಿನ ಹೊರಗೆ ವಾರಗಟ್ಟಲೆ ತಡೆದು ನಿಲ್ಲಿಸಲಾಗಿತ್ತು. 1897ರ ಜನವರಿಯಲ್ಲಿ ಇಳಿದ ಗಾಂಧೀಜಿಯ ಮೇಲೆ ಬಿಳಿಯರ ಗುಂಪು ಹಲ್ಲೆ ಮಾಡಿತು. ಅದೇ ವರ್ಷ ನಟಾಲ್ ವಸಾಹತು ವಲಸೆ ನಿರ್ಬಂಧ ಕಾಯ್ದೆ ತಂದಿತು. ಅದರಲ್ಲಿ ಭಾರತೀಯರ ಹೆಸರಿರಲಿಲ್ಲ, ಬಣ್ಣದ ಮಾತೂ ಇರಲಿಲ್ಲ. ಬಂದವರು ಯಾವುದಾದರೂ ಯುರೋಪಿಯನ್ ಭಾಷೆಯ ಲಿಪಿಯಲ್ಲಿ ಅರ್ಜಿ ಬರೆದು ಸಹಿ ಹಾಕಬೇಕು ಎಂದಷ್ಟೇ ಇತ್ತು. ಜನಾಂಗವನ್ನು ಬಾಯಿಬಿಟ್ಟು ಹೇಳದೆಯೇ ಬೇಡವಾದವರನ್ನು ತಡೆಯುವ ಈ ಉಪಾಯ ಲಂಡನ್ನಿನ ವಸಾಹತು ಸಚಿವ ಜೋಸೆಫ್ ಚೇಂಬರ್ಲೇನ್‌ಗೆ ಹಿಡಿಸಿತು. ಉಳಿದ ವಸಾಹತುಗಳಿಗೂ ಅವರು ಅದನ್ನೇ ಸೂಚಿಸಿದರು. ಆಸ್ಟ್ರೇಲಿಯಾ 1901ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಅಧಿಕಾರಿ ತಾನು ಆರಿಸಿದ ಯುರೋಪಿಯನ್ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಕೊಡಬಹುದಾಗಿತ್ತು. 1909ರ ನಂತರ ಅದರಲ್ಲಿ ಒಬ್ಬರೂ ಪಾಸಾಗಲಿಲ್ಲ, ಏಕೆಂದರೆ ಫೇಲು ಮಾಡುವುದೇ ಅದರ ಉದ್ದೇಶವಾಗಿತ್ತು. 1934ರಲ್ಲಿ ಹಲವು ಭಾಷೆ ಬಲ್ಲ ಪತ್ರಕರ್ತ ಎಗೋನ್ ಕಿಶ್ ಬಂದಿಳಿದಾಗ, ಅವರ ರಾಜಕೀಯ ಇಷ್ಟವಿಲ್ಲದ ಸರ್ಕಾರ ಸ್ಕಾಟಿಷ್ ಗೇಲಿಕ್‌ನಲ್ಲಿ ಉಕ್ತಲೇಖನ ಕೊಡಿಸಿತು. ಕಾಯ್ದೆಯ ಅರ್ಥದಲ್ಲಿ ಅದು ಯುರೋಪಿಯನ್ ಭಾಷೆಯೇ ಅಲ್ಲವೆಂದು ಆ ದೇಶದ ಹೈಕೋರ್ಟ್ ಹೇಳಿತು. ಈ ಪರೀಕ್ಷೆ ತೊಲಗಿದ್ದು 1958ರಲ್ಲಿ. ಇಂದಿನ ಪರೀಕ್ಷೆಗಳನ್ನು ಆ ಕಪಟಕ್ಕೆ ಸಮ ಎನ್ನುವುದು ತಪ್ಪಾಗುತ್ತದೆ. ಇವುಗಳ ಪಠ್ಯಕ್ರಮ ಬಹಿರಂಗ, ಮೌಲ್ಯಮಾಪನಕ್ಕೆ ಶಾಸ್ತ್ರವಿದೆ, ಲಕ್ಷಾಂತರ ಜನ ಪಾಸಾಗುತ್ತಾರೆ. ಆದರೆ ತಟಸ್ಥವಾಗಿ ಕಾಣುವ ಭಾಷಾ ನಿಯಮದ ಹಿಂದೆ ಬೇರೆ ಉದ್ದೇಶ ಅಡಗಬಹುದು ಎಂಬ ಎಚ್ಚರವನ್ನು ಈ ಇತಿಹಾಸ ಕಲಿಸುತ್ತದೆ.

ಭಾಷಾ ಪರೀಕ್ಷೆಯೇ ಬೇಡ ಎನ್ನುವ ವಾದ ನಿಲ್ಲುವುದಿಲ್ಲ. 2008ರಲ್ಲಿ ಜರ್ಮನಿಯಿಂದ ವಿಮಾನದಲ್ಲಿ ಬಂದು ಇಂಗ್ಲೆಂಡಿನಲ್ಲಿ ತಾತ್ಕಾಲಿಕ ಪಾಳಿ ಮಾಡಿದ ವೈದ್ಯರೊಬ್ಬರು ರೋಗಿಗೆ ನೋವುನಿವಾರಕವನ್ನು ಹತ್ತು ಪಟ್ಟು ಹೆಚ್ಚು ಕೊಟ್ಟು ಆ ರೋಗಿ ಸತ್ತರು. ತನಿಖೆಯಲ್ಲಿ ಬಯಲಾದ ಲೋಪಗಳಲ್ಲಿ ಅವರ ಇಂಗ್ಲಿಷನ್ನು ಸರಿಯಾಗಿ ಪರಿಶೀಲಿಸದೇ ಇದ್ದದ್ದೂ ಒಂದು. ಐರೋಪ್ಯ ಒಕ್ಕೂಟದ ವೈದ್ಯರ ಭಾಷೆ ಪರೀಕ್ಷಿಸುವ ಅಧಿಕಾರ ಆಗ ಬ್ರಿಟನ್ನಿನ ವೈದ್ಯಕೀಯ ಮಂಡಳಿಗೆ ಇರಲಿಲ್ಲ. ಭಾರತದಿಂದ ಹೋದ ವೈದ್ಯರು ಮಾತ್ರ ಭಾಷಾ ಪರೀಕ್ಷೆ ಬರೆದೇ ಹೋಗಬೇಕಿತ್ತು. ಮಂಡಳಿಗೆ ಆ ಅಧಿಕಾರ ಬಂದದ್ದು 2014ರಲ್ಲಿ. ಪಾಳಿ ಬದಲಾಗುವಾಗ ರೋಗಿಯ ಸ್ಥಿತಿ ಹೇಳುವ ನರ್ಸ್, ಔಷಧದ ಚೀಟಿ ಓದುವ ವೈದ್ಯ, ಯಂತ್ರದ ಸುರಕ್ಷತಾ ಸೂಚನೆ ಪಾಲಿಸಬೇಕಾದ ಕೆಲಸಗಾರ ಇವರೆಲ್ಲರಿಗೂ ಭಾಷೆ ಬರಲೇಬೇಕು. ಇದರಲ್ಲಿ ರಾಜಿಯಿಲ್ಲ. ಆದರೆ ಆ ಘಟನೆ ಕಲಿಸುವ ಪಾಠದಲ್ಲಿ ಇನ್ನೊಂದು ಭಾಗವೂ ಇದೆ. ಅಲ್ಲಿ ಲೋಪವಾದದ್ದು ಪಾಸ್‌ಪೋರ್ಟ್ ನೋಡಿ ಭಾಷೆ ಬರುತ್ತದೆಂದು ಭಾವಿಸಿದ್ದರಿಂದ. ಎಲ್ಲಿಂದ ಬಂದರು ಎನ್ನುವುದನ್ನು ಬಿಟ್ಟು, ಏನು ಮಾಡಲು ಬಂದಿದ್ದಾರೆ ಎಂದು ಕೇಳಿದ್ದರೆ ಲೋಪ ಮೊದಲೇ ಕಾಣುತ್ತಿತ್ತು.

ಪರೀಕ್ಷೆ ಬೇಕು ಎಂದಾದ ಮೇಲೆ, ಯಾವ ಇಂಗ್ಲಿಷಿನ ಪರೀಕ್ಷೆ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ನರ್ಸ್‌ಗಳ ಪ್ರಸಂಗಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿದ ಕನ್ನಡಿಗರಿಗೂ ಮಲಯಾಳಿಗಳಿಗೂ ಇದು ನೇರವಾಗಿ ತಟ್ಟಿದ ವಿಷಯ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಬಹುಕಾಲ ಐಇಎಲ್‌ಟಿಎಸ್ ಅಕಾಡೆಮಿಕ್‌ನ ನಾಲ್ಕೂ ವಿಭಾಗಗಳಲ್ಲಿ 7 ಬ್ಯಾಂಡ್ ಕೇಳುತ್ತಿತ್ತು. ಆ ಪರೀಕ್ಷೆಯ ಬರವಣಿಗೆ ವಿಭಾಗದಲ್ಲಿ ಒಂದು ನಕ್ಷೆಯನ್ನೋ ಅಂಕಿಅಂಶದ ಪಟ್ಟಿಯನ್ನೋ 150 ಪದಗಳಲ್ಲಿ ವಿವರಿಸಬೇಕು, ಆಮೇಲೆ ಸಾಮಾಜಿಕ ವಿಷಯವೊಂದರ ಮೇಲೆ 250 ಪದಗಳ ಪ್ರಬಂಧ ಬರೆಯಬೇಕು. ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆಂದು ರೂಪಿಸಿದ ಪರೀಕ್ಷೆಯದು. ವಾರ್ಡಿನಲ್ಲಿ ಯಾರೂ ನರ್ಸ್‌ನಿಂದ ಪ್ರಬಂಧ ಬರೆಸುವುದಿಲ್ಲ. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಆಡುವ ಆಸ್ಟ್ರೇಲಿಯಾದ ನರ್ಸ್‌ಗಳೂ ಈ ಮಿತಿ ದಾಟಲಾಗದೆ ಸೋತ ಸುದ್ದಿ 2017ರಲ್ಲಿ ಬ್ರಿಟಿಷ್ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷದ ನವೆಂಬರಿನಲ್ಲಿ ಮಂಡಳಿ ಒಇಟಿಯನ್ನು ಒಪ್ಪಿಕೊಂಡಿತು. ಆರೋಗ್ಯ ವೃತ್ತಿಗಳಿಗೆಂದೇ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಈ ಪರೀಕ್ಷೆಯಲ್ಲಿ ನರ್ಸ್ ಬರೆಯುವುದು ರೋಗಿಯ ವರ್ಗಾವಣೆ ಪತ್ರವನ್ನು, ಆಡುವುದು ರೋಗಿಯೊಂದಿಗಿನ ಸಂಭಾಷಣೆಯನ್ನು. 2018ರ ಡಿಸೆಂಬರಿನಲ್ಲಿ ಐಇಎಲ್‌ಟಿಎಸ್ ಬರವಣಿಗೆಯ ಮಿತಿ 6.5ಕ್ಕೆ ಇಳಿಯಿತು. 2023ರಿಂದ, ಅಂಕ ಸ್ವಲ್ಪದರಲ್ಲಿ ತಪ್ಪಿದವರ ವಿಷಯದಲ್ಲಿ ಬ್ರಿಟನ್ನಿನಲ್ಲೇ ಅವರನ್ನು ಕೆಲಸಕ್ಕಿಟ್ಟುಕೊಂಡ ಸಂಸ್ಥೆಯ ಪ್ರಮಾಣವೂ ಪುರಾವೆಯಾಯಿತು. ಇದಕ್ಕೆಲ್ಲ ನರ್ಸ್‌ಗಳ ಕೊರತೆಯೇ ಕಾರಣ, ಗುಣಮಟ್ಟವನ್ನು ಬಲಿಕೊಟ್ಟರು ಎನ್ನುವವರಿದ್ದಾರೆ. ಕೊರತೆ ಒತ್ತಡ ತಂದದ್ದು ನಿಜ. ಆದರೆ ಒಇಟಿ ಸುಲಭದ ದಾರಿಯಾಗಿರಲಿಲ್ಲ, ಕೆಲಸಕ್ಕೆ ಹತ್ತಿರದ ದಾರಿಯಾಗಿತ್ತು. ಕೊರತೆ ಬಂದಾಗ ಮಾತ್ರ ಸರಿಯಾದ ಅಳತೆ ನೆನಪಾಯಿತು ಎಂಬುದೇ ಇಲ್ಲಿ ಆಕ್ಷೇಪಿಸಬೇಕಾದ ಸಂಗತಿ.

ಕುಟುಂಬ ವೀಸಾದಲ್ಲಿ ತರ್ಕ ಇನ್ನೂ ತೆಳುವಾಗುತ್ತದೆ. 2010ರ ನವೆಂಬರಿನಿಂದ, ಬ್ರಿಟನ್ನಿನಲ್ಲಿ ನೆಲೆಸಿದವರ ಗಂಡ ಅಥವಾ ಹೆಂಡತಿ ಅಲ್ಲಿಗೆ ಹೊರಡುವ ಮೊದಲೇ ಎ-1 ಮಟ್ಟದಲ್ಲಿ ಮಾತಾಡಲು, ಕೇಳಿ ತಿಳಿಯಲು ಬರುತ್ತದೆಂದು ತೋರಿಸಬೇಕು. ಎರಡೂವರೆ ವರ್ಷದ ಮೇಲೆ ವೀಸಾ ವಿಸ್ತರಣೆಗೆ ಎ-2, ಕಾಯಂ ನೆಲೆಗೆ ಬಿ-1. ಕೆಲಸಗಾರರ ಜೊತೆ ಹೋಗುವ ವಯಸ್ಕ ಅವಲಂಬಿತರಿಗೂ ಎ-1 ವಿಧಿಸುವ ಪ್ರಸ್ತಾಪ 2025ರ ಶ್ವೇತಪತ್ರದಲ್ಲಿದೆ. ಭಾಷೆ ಬಾರದೆ ಮನೆಯೊಳಗೇ ಉಳಿದುಬಿಡುವ ಹೆಣ್ಣುಮಕ್ಕಳ ಸ್ವಾತಂತ್ರ್ಯಕ್ಕೆ ಇದು ನೆರವಾಗುತ್ತದೆ ಎಂಬುದು ಸಮರ್ಥನೆ. ವೈದ್ಯರ ಬಳಿ ತನ್ನ ನೋವನ್ನು ತಾನೇ ಹೇಳಲು, ಮಗುವಿನ ಶಿಕ್ಷಕಿಯನ್ನು ಮಾತಾಡಿಸಲು, ಮನೆಯಲ್ಲಿ ಹಿಂಸೆಯಾದರೆ ಪೊಲೀಸರನ್ನು ಕರೆಯಲು ಭಾಷೆ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಭಾಷೆಯನ್ನು ಚೆನ್ನಾಗಿ ಕಲಿಯುವುದು ಅದು ಸುತ್ತಲೂ ಕೇಳಿಸುವ ಕಡೆ. ಪರೀಕ್ಷಾ ಕೇಂದ್ರಗಳಿರುವುದು ದೊಡ್ಡ ನಗರಗಳಲ್ಲಿ. ಹಳ್ಳಿಯಲ್ಲಿರುವವರು ಪಾಠಕ್ಕೂ ಪರೀಕ್ಷೆಗೂ ಊರು ಬಿಟ್ಟು ತಂಗಬೇಕು. ಪಾಕಿಸ್ತಾನ ಮತ್ತು ಯೆಮನ್‌ನಲ್ಲಿದ್ದ ಗಂಡಂದಿರನ್ನು ಕರೆಸಿಕೊಳ್ಳಲು ಇಬ್ಬರು ಬ್ರಿಟಿಷ್ ಪ್ರಜೆಗಳು ಹೂಡಿದ ದಾವೆ ಆ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2015ರ ನವೆಂಬರಿನ ತೀರ್ಪಿನಲ್ಲಿ ನ್ಯಾಯಾಲಯ ನಿಯಮವನ್ನು ರದ್ದು ಮಾಡಲಿಲ್ಲ. ಆದರೆ ಪಾಠ, ಪರೀಕ್ಷೆ ಕೈಗೆಟುಕದ ಕಡೆಯೂ ವಿನಾಯಿತಿಯನ್ನು ಬಿಗಿಹಿಡಿದರೆ ಅನೇಕ ಪ್ರಕರಣಗಳಲ್ಲಿ ಕುಟುಂಬ ಜೀವನದ ಹಕ್ಕಿಗೆ ಧಕ್ಕೆಯಾದೀತು ಎಂದು ಬಹುಮತದ ನ್ಯಾಯಮೂರ್ತಿಗಳು ಎಚ್ಚರಿಸಿದರು. ಇನ್ನೊಂದು ಅಂಕಿ ಸರ್ಕಾರದ ಸಮರ್ಥನೆಯನ್ನೇ ಪ್ರಶ್ನಿಸುತ್ತದೆ: ಇಂಗ್ಲೆಂಡಿನಲ್ಲಿ ವಲಸಿಗರಿಗೆ ಇಂಗ್ಲಿಷ್ ಕಲಿಸುವ ತರಗತಿಗಳ ಅನುದಾನ 2010ರಲ್ಲಿ ಸುಮಾರು 20 ಕೋಟಿ ಪೌಂಡ್ ಇದ್ದದ್ದು 2016ರ ಹೊತ್ತಿಗೆ ಸುಮಾರು 9 ಕೋಟಿಗೆ ಇಳಿದಿತ್ತು. ಒಂದು ಕೈಯಿಂದ ಪರೀಕ್ಷೆ ಏರಿಸಿ ಇನ್ನೊಂದು ಕೈಯಿಂದ ಪಾಠ ಕಡಿತ ಮಾಡುವವರು ಕಲಿಕೆಯ ಬಗ್ಗೆ ಆಡುವ ಮಾತನ್ನು ನಂಬುವುದು ಕಷ್ಟ.

ಯಾರಿಗೆ ಪರೀಕ್ಷೆಯೇ ಇಲ್ಲ ಎಂಬ ಪಟ್ಟಿಯನ್ನೂ ನೋಡಬೇಕು. ಅಮೆರಿಕ, ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್, ಮಾಲ್ಟಾ, ಜಮೈಕಾ, ಗಯಾನ ಮುಂತಾದ ದೇಶಗಳ ಪಾಸ್‌ಪೋರ್ಟ್ ಇದ್ದರೆ ಇಂಗ್ಲಿಷ್ ಬರುತ್ತದೆಂದೇ ಲೆಕ್ಕ. ಭಾರತ, ನೈಜೀರಿಯಾ, ಘಾನಾ, ಕೆನ್ಯಾ ಆ ಪಟ್ಟಿಯಲ್ಲಿಲ್ಲ. ಭಾರತದಲ್ಲಿ ಬಹುಪಾಲು ಜನರಿಗೆ ಇಂಗ್ಲಿಷ್ ಬಾರದು, ಹಾಗಾಗಿ ದೇಶಕ್ಕೇ ವಿನಾಯಿತಿ ಕೊಡಲಾಗದು ಎಂಬ ಉತ್ತರ ನ್ಯಾಯವಾದದ್ದೇ. ಆದರೆ ಅರ್ಜಿ ಹಾಕುವುದು ದೇಶವಲ್ಲ, ವ್ಯಕ್ತಿ. ಕೆನಡಾದ ಕ್ವೆಬೆಕ್‌ನಲ್ಲಿ ಫ್ರೆಂಚಿನಲ್ಲೇ ಬೆಳೆದವರಿಗೆ ಪರೀಕ್ಷೆಯಿಲ್ಲ. ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷಿನಲ್ಲೇ ಕಲಾಪ ನಡೆಸುವ ಕರ್ನಾಟಕ ಹೈಕೋರ್ಟಿನಲ್ಲಿ ಇಪ್ಪತ್ತು ವರ್ಷ ವಾದಿಸಿದ ವಕೀಲರು ಮಾತ್ರ ತಮ್ಮ ಪದವಿಗೆ ಪರಕೀಯ ಸಂಸ್ಥೆಯಿಂದ ಪ್ರಮಾಣಪತ್ರ ತರಬೇಕು, ಇಲ್ಲವೇ ಪರೀಕ್ಷೆಗೆ ಕೂರಬೇಕು. ವೃತ್ತಿಯ ಅನುಭವವನ್ನು, ಇಂಗ್ಲಿಷಿನಲ್ಲಿ ಮಾಡಿದ ಕೆಲಸದ ದಾಖಲೆಯನ್ನು ಪುರಾವೆಯೆಂದು ಒಪ್ಪಿದರೆ ಪಟ್ಟಿಯ ಅಗತ್ಯವೇ ಕಡಿಮೆಯಾಗುತ್ತದೆ. ವಿಶ್ವವಿದ್ಯಾಲಯವನ್ನು ನಂಬುವ ಸರ್ಕಾರ, ಸಂಬಳ ಕೊಟ್ಟು ಕರೆಸಿಕೊಳ್ಳುವ ಉದ್ಯೋಗದಾತರನ್ನು ಇಷ್ಟೊಂದು ಅನುಮಾನಿಸುವುದಕ್ಕೆ ಸಮರ್ಪಕ ಕಾರಣ ಕಾಣುವುದಿಲ್ಲ.

ಮೋಸ ತಡೆಯಲು ಬಿಗಿಯಾದ ಒಂದೇ ಪರೀಕ್ಷೆ ಬೇಕು ಎಂಬುದು ಇದಕ್ಕೆ ಬರುವ ಬಲವಾದ ಆಕ್ಷೇಪ. ಸುಳ್ಳು ಪ್ರಮಾಣಪತ್ರದ ಭಯ ನಿಜವಾದದ್ದೇ. ಆದರೆ ಪರೀಕ್ಷೆ ಮೋಸಕ್ಕೆ ಮದ್ದಲ್ಲ ಎಂಬುದನ್ನು ಬ್ರಿಟನ್ನಿನ ಅನುಭವವೇ ಹೇಳುತ್ತದೆ. 2014ರ ಫೆಬ್ರುವರಿಯಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ, ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಟೋಯಿಕ್ ಪರೀಕ್ಷೆಯನ್ನು ಕೆಲವು ಕೇಂದ್ರಗಳಲ್ಲಿ ಬೇರೆಯವರು ಬರೆದುಕೊಡುವುದನ್ನು ಬಯಲಿಗೆಳೆಯಿತು. ಪರೀಕ್ಷೆ ನಡೆಸಿದ ಅಮೆರಿಕದ ಸಂಸ್ಥೆ ಧ್ವನಿ ಪರಿಶೀಲಿಸಿ, ಬ್ರಿಟನ್ನಿನಲ್ಲಿ ನಡೆದ ಸುಮಾರು 58 ಸಾವಿರ ಪರೀಕ್ಷೆಗಳಲ್ಲಿ ಶೇ 58 ಅಸಿಂಧು, ಶೇ 39 ಅನುಮಾನಾಸ್ಪದ ಎಂದಿತು. ಅಂದರೆ ನೂರಕ್ಕೆ ತೊಂಬತ್ತೇಳು ಮಂದಿ ಶಂಕಿತರು. ಆ ಪಟ್ಟಿಯನ್ನು ಹಿಡಿದು ಗೃಹ ಇಲಾಖೆ ಸಾವಿರಾರು ವೀಸಾ ರದ್ದು ಮಾಡಿತು. ಬಹುಪಾಲು ವಿದ್ಯಾರ್ಥಿಗಳು ಭಾರತ, ಪಾಕಿಸ್ತಾನ, ಬಾಂಗ್ಲಾದೇಶದವರು. ಅನೇಕರಿಗೆ ದೇಶ ಬಿಟ್ಟು ಹೋಗಿ ಅಲ್ಲಿಂದ ಮೇಲ್ಮನವಿ ಸಲ್ಲಿಸಿ ಎನ್ನಲಾಯಿತು. ಇಂಥ ಪ್ರಕರಣದಲ್ಲಿ ಆ ಮೇಲ್ಮನವಿ ಸಾಕಾದ ಪರಿಹಾರವಲ್ಲವೆಂದು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಬೇಕಾಯಿತು. ಮೋಸ ವ್ಯಾಪಕವಾಗಿದ್ದರೂ ಅಮಾಯಕರಿಗೆ ಅನ್ಯಾಯವಾಗದಂತೆ ಇಲಾಖೆ ನೋಡಿಕೊಳ್ಳಲಿಲ್ಲ ಎಂಬುದು 2019ರಲ್ಲಿ ಲೆಕ್ಕಪರಿಶೋಧನಾ ಕಚೇರಿಯ ವರದಿಯಿಂದ ಹೊರಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು: ಕೇಂದ್ರಗಳ ದಂಧೆಯನ್ನು ಗಮನಿಸದವರು ದಂಡನೆಯನ್ನು ವಿದ್ಯಾರ್ಥಿಗಳ ಮೇಲೆ ಹೇರಿದರು. ಯಂತ್ರಗಳೂ ತಪ್ಪುತ್ತವೆ. 2023ರ ಆಗಸ್ಟ್‌ನಿಂದ 2025ರ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ತಾಂತ್ರಿಕ ದೋಷದಿಂದ ಶೇ 1ರಷ್ಟು ಪರೀಕ್ಷೆಗಳ ಫಲಿತಾಂಶ ತಪ್ಪಾಗಿತ್ತೆಂದು ಐಇಎಲ್‌ಟಿಎಸ್ ಸಂಸ್ಥೆಯೇ ಒಪ್ಪಿಕೊಂಡಿದೆ. ಜಗತ್ತಿನಾದ್ಯಂತ ಲಕ್ಷಗಟ್ಟಲೆ ಜನ ಬರೆಯುವ ಪರೀಕ್ಷೆಯಲ್ಲಿ ಶೇ 1 ಸಣ್ಣ ಸಂಖ್ಯೆಯಲ್ಲ. ಒಂದೇ ಅಂಕದ ಮೇಲೆ ಒಬ್ಬರ ಬದುಕನ್ನು ನಿಲ್ಲಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಇನ್ನು, ಗಡಿಯಲ್ಲಿ ಪರೀಕ್ಷೆಯಿಲ್ಲದಿದ್ದರೆ ಭಾಷೆ ಬಾರದವರೇ ತುಂಬಿಕೊಳ್ಳುತ್ತಾರೆ ಎಂಬ ಆತಂಕ. ಅದಕ್ಕೆ ಅಟ್ಲಾಂಟಿಕ್‌ನ ಆಚೆ ಉತ್ತರವಿದೆ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಮೂರು ದಶಕಗಳಿಂದ ಅಮೆರಿಕಕ್ಕೆ ಕರೆದೊಯ್ದ ಎಚ್-1ಬಿ ವೀಸಾಕ್ಕೆ ಸರ್ಕಾರದ ಇಂಗ್ಲಿಷ್ ಪರೀಕ್ಷೆ ಇಲ್ಲ. ಅವರ ಜೊತೆ ಹೋಗುವ ಸಂಗಾತಿಗೂ ಇಲ್ಲ. ಕಾಲಿಫೋರ್ನಿಯಾದಲ್ಲಿ, ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಈ ಕಾರಣಕ್ಕೆ ಆ ಸಮಾಜದಲ್ಲಿ ಬೆರೆಯದೆ ಉಳಿದಿಲ್ಲ. ಅಲ್ಲಿ ವಿಶ್ವವಿದ್ಯಾಲಯಗಳು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಕೇಳುತ್ತವೆ, ಕಂಪನಿಗಳು ಸಂದರ್ಶನ ಮಾಡುತ್ತವೆ ಎನ್ನಬಹುದು. ಸರಿಯೇ, ಈ ಲೇಖನದ ವಾದವೂ ಅದೇ. ಭಾಷೆ ಯಾರಿಗೆ ಬೇಕೋ ಅವರು ಪರೀಕ್ಷಿಸಿದರೆ ಎಷ್ಟು ಬೇಕೋ ಅಷ್ಟನ್ನೇ ಪರೀಕ್ಷಿಸುತ್ತಾರೆ. ಅಮೆರಿಕದ ಪೌರತ್ವ ಬಯಸುವಾಗ ಇಂಗ್ಲಿಷ್ ಪರೀಕ್ಷೆ ಇದೆ. ಆದರೆ ಅದು ಬರುವುದು ಆ ನೆಲದಲ್ಲಿ ವರ್ಷಗಟ್ಟಲೆ ಬದುಕಿದ ಮೇಲೆ. ಜರ್ಮನಿಯ ನಿಯಮ ಇನ್ನೊಂದು ರೀತಿಯಲ್ಲಿ ಬೋಧಪ್ರದ. 2007ರಿಂದ ಅಲ್ಲಿ ಸಂಗಾತಿಗಳು ಬರುವ ಮೊದಲೇ ಎ-1 ಜರ್ಮನ್ ಕಲಿತಿರಬೇಕು. ಆದರೆ ಹೆಚ್ಚು ಸಂಬಳದ ಪರಿಣತರಿಗೆ ಕೊಡುವ ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಅದು ಬೇಕಿಲ್ಲ. ಸಮಾಜದೊಂದಿಗೆ ಬೆರೆಯುವುದೇ ಗುರಿಯಾಗಿದ್ದರೆ ಎಂಜಿನಿಯರನ ಹೆಂಡತಿಗೆ ಬೇಡದ ಭಾಷೆ ಅಡುಗೆಯವನ ಹೆಂಡತಿಗೆ ಮಾತ್ರ ಏಕೆ ಬೇಕು? ಪರೀಕ್ಷೆ ಅಳೆಯುತ್ತಿರುವುದು ಭಾಷೆಯನ್ನಲ್ಲ, ಆದಾಯವನ್ನು ಎಂಬ ಸಂಶಯ ಇಂಥಲ್ಲಿ ಗಟ್ಟಿಯಾಗುತ್ತದೆ.

ಪರೀಕ್ಷೆಯ ಸುತ್ತ ಬೆಳೆದ ಮಾರುಕಟ್ಟೆಯ ಕಥೆ ಇದಕ್ಕೆ ಹೊರತಲ್ಲ. 1989ರಲ್ಲಿ ಶುರುವಾದ ಐಇಎಲ್‌ಟಿಎಸ್‌ನ ಭಾರತದ ವ್ಯವಹಾರವನ್ನು 2021ರಲ್ಲಿ ಬ್ರಿಟಿಷ್ ಕೌನ್ಸಿಲ್ 13 ಕೋಟಿ ಪೌಂಡಿಗೆ ಆಸ್ಟ್ರೇಲಿಯಾದ ಐಡಿಪಿ ಕಂಪನಿಗೆ ಮಾರಿತು. ಒಂದು ಪರೀಕ್ಷೆಗೆ 17 ಸಾವಿರ ರೂಪಾಯಿಗೂ ಹೆಚ್ಚು ಶುಲ್ಕವಿರುವ, ಎರಡೇ ವರ್ಷದಲ್ಲಿ ಮುಗಿಯುವ ಪ್ರಮಾಣಪತ್ರಕ್ಕೆ ಇರುವ ಬೆಲೆ ಅದು. ಪಂಜಾಬಿನಲ್ಲಿ ಬ್ಯಾಂಡ್ ಅಂಕವೇ ವಧುವಿನ ಅರ್ಹತೆಯಾಗಿ ವೈವಾಹಿಕ ಜಾಹೀರಾತಿಗೆ ಬಂದಿದೆ. ಹುಡುಗಿ ಪರೀಕ್ಷೆ ಪಾಸಾಗುವುದು, ಹುಡುಗನ ಮನೆಯವರು ಅವಳ ಕೆನಡಾ ಓದಿನ ಖರ್ಚು ಹೊರುವುದು, ಅವನು ಸಂಗಾತಿಯ ವೀಸಾದಲ್ಲಿ ಹಿಂದೆ ಹೋಗುವುದು ಅಲ್ಲಿ ಒಂದು ಏರ್ಪಾಡೇ ಆಗಿದೆ. ಹೀಗಾಗಲು ಪಂಜಾಬಿನ ಆಸೆಬುರುಕತನವೊಂದೇ ಕಾರಣವಲ್ಲ. ಅಂಕವನ್ನೇ ಬಾಗಿಲಿನ ಕೀಲಿಯಾಗಿಸಿದಾಗ ಜನ ಭಾಷೆ ಬಿಟ್ಟು ಅಂಕದ ಬೆನ್ನು ಹತ್ತುತ್ತಾರೆ; ಕೋಚಿಂಗ್ ಕೇಂದ್ರಗಳು ಕಲಿಸುವುದೂ ಅಂಕ ಗಳಿಸುವ ಪಟ್ಟುಗಳನ್ನೇ.

ಹಾಗಾದರೆ ಆಗಬೇಕಾದ್ದೇನು? ಕೆಲಸಕ್ಕೆ ತಕ್ಕ ಮಟ್ಟ ನಿಗದಿಯಾಗಲಿ: ಆಸ್ಪತ್ರೆಯಲ್ಲಿ ಕಟ್ಟುನಿಟ್ಟಿರಲಿ, ಅಡುಗೆಮನೆಯಲ್ಲಿ ಪ್ರಬಂಧ ಬೇಡ. ಪದವಿ, ವೃತ್ತಿ ಅನುಭವ, ಉದ್ಯೋಗದಾತರ ಪರಿಶೀಲನೆ ಇವೆಲ್ಲವೂ ಪರೀಕ್ಷೆಗೆ ಸಮನಾದ ಪುರಾವೆಯಾಗಲಿ. ಸಂಗಾತಿಗಳ ಪರೀಕ್ಷೆ ಅಲ್ಲಿಗೆ ಹೋದ ಮೇಲೆ, ಪಾಠದ ಜೊತೆಗೆ ನಡೆಯಲಿ. ಅಂಕದ ಮೇಲೆ ಅನುಮಾನ ಬಂದರೆ ದೇಶ ಬಿಡಿಸುವ ಮೊದಲು ಆ ನೆಲದಲ್ಲೇ ಅಹವಾಲು ಕೇಳಲಿ. ಇವನ್ನೆಲ್ಲ ಬ್ರಿಟನ್ ತಾನಾಗಿ ಮಾಡಲಿಕ್ಕಿಲ್ಲ. ಗಡಿ ಅವರದು, ನಿಯಮ ಮಾಡುವ ಹಕ್ಕೂ ಅವರದು. ಆದರೆ ಕೇಳುವ ಹಕ್ಕು ನಮಗಿದೆ. ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿದ್ದಿದೆ. ಅದರ ಮುಂದಿನ ಮಾತುಕತೆಗಳಲ್ಲಿ ಭಾರತದ ಇಂಗ್ಲಿಷ್ ಮಾಧ್ಯಮದ ಪದವಿಗಳಿಗೆ ನೇರ ಮಾನ್ಯತೆಯನ್ನು ನಮ್ಮ ಸರ್ಕಾರ ಕೇಳಬೇಕು. ವಲಸೆ ಹೋಗುವವರ ಭಾಷಾ ತರಬೇತಿಗೆಂದು ಕೇರಳದ ನೋರ್ಕಾ ಸಂಸ್ಥೆ ತನ್ನದೇ ವಿದೇಶಿ ಭಾಷಾ ಶಾಲೆ ನಡೆಸಿ ಒಇಟಿ, ಐಇಎಲ್‌ಟಿಎಸ್, ಜರ್ಮನ್ ಕಲಿಸುತ್ತಿದೆ. ನರ್ಸಿಂಗ್ ಕಾಲೇಜುಗಳ ತವರಾದ ಕರ್ನಾಟಕವೂ ತನ್ನ ಮಕ್ಕಳಿಗೆ, ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದವರಿಗೆ, ಆ ನೆರವನ್ನು ಜಿಲ್ಲಾ ಮಟ್ಟದಲ್ಲೇ ಕೊಡಬೇಕು. ಹೊರಡಲಿರುವವರಿಗೆ ಒಂದು ಮಾತು: ಕೋಚಿಂಗ್ ಕೇಂದ್ರಕ್ಕೆ ಹಣ ಕಟ್ಟುವ ಮೊದಲು ನಿಮಗೆ ಆ ಪರೀಕ್ಷೆ ಬೇಕೇ ಎಂದು ವೀಸಾ ನಿಯಮವನ್ನು ನೀವೇ ಓದಿ ನೋಡಿ. ಅದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ನಿಮ್ಮಲ್ಲಿ ಹಲವರಿಗೆ ಈಗಾಗಲೇ ಇದೆ.